ಚಿಕ್ಕಪ್ಪನ ಎಕ್ಸೆಲ್ ಶೀಟು, ಅಜ್ಜನ ಉದ್ರಿ ಪುಸ್ತಕ

ಈ ಸಂಚಿಕೆಗೆ ಏನಾದ್ರೂ ಬರಿ ಅಂತ ಸಂಘದ ಸೀನಿಯರ್ ಅಕ್ಕ ಮೂರು ಸಲ ಮೆಸೇಜ್ ಮಾಡಿದ್ರು. ಕವನ ನನ್ನ ಕೈಲಾಗಲ್ಲ. ಹಾಗಾಗಿ ರಜೆಯಲ್ಲಿ ಕಲಿತ ಒಂದು ಲೆಕ್ಕವನ್ನೇ ಪಾಠದ ಥರ ಬರೀತಿದೀನಿ. ಸ್ಟಾರ್ಟಪ್ ಮಾಡ್ಬೇಕು ಅಂತ ಕ್ಯಾಂಟೀನಲ್ಲಿ ಕೂತು ಮಾತಾಡೋ ಎಲ್ಲರೂ ಒಮ್ಮೆ ಓದಿ. ನಾನೂ ಹಾಗೆ ಮಾತಾಡೋನೇ.

ನಮ್ಮ ಚಿಕ್ಕಪ್ಪ 13 ವರ್ಷ ಬೆಂಗಳೂರಲ್ಲಿ ಐಟಿ ಕೆಲಸದಲ್ಲಿದ್ರು. ಒಂದು ದಿನ ಬಿಟ್ಟು ಸ್ವಂತ ಕಂಪನಿ ಶುರು ಮಾಡಿದ್ರು. ಪೀಣ್ಯದ ಸಣ್ಣ ಸಣ್ಣ ಮೆಷಿನ್ ಶಾಪ್‌ಗಳಿಗೆ ಯಾವ ಆರ್ಡರ್ ಯಾವ ಮೆಷಿನ್ ಮೇಲಿದೆ, ಎಷ್ಟು ಪೀಸ್ ಆಯ್ತು, ಎಷ್ಟು ರಿಜೆಕ್ಟ್ ಆಯ್ತು ಅಂತ ಫೋನಲ್ಲೇ ತೋರಿಸೋ ಸಾಫ್ಟ್‌ವೇರ್. ಚಿಕ್ಕಪ್ಪನ್ನ ಬಿಟ್ಟು ಎಂಟು ಜನ. ಎರಡು ರೂಮಿನ ಆಫೀಸು, ಕೆಳಗೆ ವೆಲ್ಡಿಂಗ್ ಅಂಗಡಿ. ಜೂನ್ ತಿಂಗಳಲ್ಲಿ ನಾನು ಇಂಟರ್ನ್ ಅಂತ ಹೋದೆ. ಕೋಡ್ ಬರೆಯೋಕೆ ಕೊಡ್ತಾರೆ ಅಂದ್ಕೊಂಡಿದ್ದೆ. ಚಿಕ್ಕಪ್ಪ ಒಂದು ಫೈಲ್ ಕಳಿಸಿ, 'ಪುಟ್ಟಾ, ನಾವು ಇನ್ನೂ ಎಷ್ಟು ತಿಂಗಳು ಉಸಿರಾಡ್ಬಹುದು ಲೆಕ್ಕ ಹಾಕು' ಅಂದ್ರು.

ಇದಕ್ಕೆ ಸ್ಟಾರ್ಟಪ್ ಭಾಷೆಯಲ್ಲಿ ರನ್‌ವೇ ಅಂತಾರೆ. ವಿಮಾನ ಮೇಲೆ ಏಳೋಕೆ ಮುಂಚೆ ಮುಂದೆ ಎಷ್ಟು ದಾರಿ ಉಳಿದಿದೆ ಅನ್ನೋ ಅರ್ಥ. ಸೂತ್ರ ಏಳನೇ ಕ್ಲಾಸಿನ ಲೆವೆಲ್ಲಿಂದು. ಬ್ಯಾಂಕಲ್ಲಿರೋ ದುಡ್ಡನ್ನ ಪ್ರತಿ ತಿಂಗಳ ಕೊರತೆಯಿಂದ ಭಾಗಿಸಿದ್ರೆ ಆಯ್ತು. ಆ ಕೊರತೆಗೆ ಬರ್ನ್ ಅಂತಾರೆ.

ಅಂಕಿಗಳನ್ನ ಸ್ವಲ್ಪ ಬದಲಿಸಿ ಕೊಡ್ತಿದೀನಿ, ಅದು ಚಿಕ್ಕಪ್ಪನ ಷರತ್ತು. ಎಂಟು ಜನರ ಸಂಬಳ 4.90 ಲಕ್ಷ. ಬಾಡಿಗೆ 45 ಸಾವಿರ. ಕ್ಲೌಡ್ ಸರ್ವರ್ 60 ಸಾವಿರ. ಆಡಿಟರ್, ಇಂಟರ್‌ನೆಟ್, ಪೆಟ್ರೋಲು, ನೀರಿನ ಕ್ಯಾನು, ಕಾಫಿ ಎಲ್ಲ ಸೇರಿ 35 ಸಾವಿರ. ಒಟ್ಟು ತಿಂಗಳಿಗೆ 6.30 ಲಕ್ಷ ಹೋಗತ್ತೆ. ಒಳಗೆ ಬರೋದು 35 ಮೆಷಿನ್ ಶಾಪ್‌ಗಳಿಂದ ತಲಾ 6 ಸಾವಿರ, ಅಂದ್ರೆ 2.10 ಲಕ್ಷ. ಕೊರತೆ 4.20 ಲಕ್ಷ. ಬ್ಯಾಂಕಲ್ಲಿ 21 ಲಕ್ಷ. ಭಾಗಿಸಿದೆ, 5 ತಿಂಗಳು. ಅರ್ಧ ಗಂಟೆಯಲ್ಲಿ ಕೆಲಸ ಮುಗೀತು ಅಂತ ಖುಷಿಯಾಗಿ ಹೋಗಿ ತೋರಿಸಿದೆ.

ಚಿಕ್ಕಪ್ಪ ಶೀಟ್ ನೋಡಿ, 'ಆ 35 ಜನಾನೂ ಟೈಮಿಗೆ ಕೊಡ್ತಾರೆ ಅಂತ ಯಾರ್ ಹೇಳಿದ್ರು?' ಅಂದ್ರು. ಯಾರೂ ಕೊಡದೇ ಇದ್ರೆ 21ನ್ನು 6.30ರಿಂದ ಭಾಗಿಸ್ಬೇಕು. 3 ತಿಂಗಳು 10 ದಿನ. ನಿಜ ಎಲ್ಲೋ ಈ ಎರಡರ ಮಧ್ಯೆ ಇರತ್ತೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದ್ರು. 'ಈ 21 ಲಕ್ಷ ಪೂರ್ತಿ ನಮ್ದಾ?'

ಇಲ್ಲೇ ನನಗೆ ತಲೆ ತಿರುಗಿದ್ದು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಸಿಲೆಬಸ್ಸಲ್ಲಿ ಇದು ಎಲ್ಲೂ ಬರಲ್ಲ.

ಮೇ 8ಕ್ಕೆ ಒಂದು ದೊಡ್ಡ ಫ್ಯಾಕ್ಟರಿಗೆ ಚಿಕ್ಕಪ್ಪ 6 ಲಕ್ಷದ ಬಿಲ್ ಕಳಿಸಿದ್ರು. ಸಾಫ್ಟ್‌ವೇರ್ ಸೇವೆಗೆ ಜಿಎಸ್‌ಟಿ 18 ಪರ್ಸೆಂಟ್, ಅಂದ್ರೆ 1.08 ಲಕ್ಷ. ಬಿಲ್ ಮೊತ್ತ 7.08 ಲಕ್ಷ. ಫ್ಯಾಕ್ಟರಿಯವರು ಆ ದುಡ್ಡು ಇನ್ನೂ ಕೊಟ್ಟಿಲ್ಲ. ಆದ್ರೆ ಸರ್ಕಾರದ ಲೆಕ್ಕದಲ್ಲಿ ಬಿಲ್ ಹಾಕಿದ ತಿಂಗಳೇ ಮುಖ್ಯ, ದುಡ್ಡು ಬಂದ ತಿಂಗಳಲ್ಲ. ಪ್ರತಿ ತಿಂಗಳು ರಿಟರ್ನ್ ಹಾಕೋರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಅಂದ್ರೆ ಜೂನ್ 20ಕ್ಕೆ ಚಿಕ್ಕಪ್ಪ ತಮಗೆ ಇನ್ನೂ ಸಿಗದ ದುಡ್ಡಿನ ತೆರಿಗೆಯನ್ನ ತಮ್ಮ ಜೇಬಿಂದ ಕಟ್ಟಬೇಕು! ಬಾಡಿಗೆಗೆ, ಸರ್ವರ್‌ಗೆ ನಾವು ಕೊಟ್ಟಿರೋ ಜಿಎಸ್‌ಟಿಯನ್ನ ಇದರಲ್ಲಿ ಕಳೀಬಹುದು. ಲೆಕ್ಕ ಸರಳವಾಗಿರಲಿ ಅಂತ ಅದನ್ನ ಇಲ್ಲಿ ಬಿಟ್ಟಿದೀನಿ.

ಸರಿ, 21 ಲಕ್ಷದಲ್ಲಿ 1.08 ಕಳೆದ್ರೆ 19.92. ಅದನ್ನ 4.20ರಿಂದ ಭಾಗಿಸಿದ್ರೆ 4 ತಿಂಗಳು 22 ದಿನ. ಒಂದೇ ಬಿಲ್ಲಿಗೆ ಎಂಟು ದಿನದ ಉಸಿರು ಹೋಯ್ತು.

ಮುಂದೆ ಆ ಫ್ಯಾಕ್ಟರಿ ದುಡ್ಡು ಕೊಟ್ಟಾಗ್ಲೂ 7.08 ಲಕ್ಷ ಬರಲ್ಲ. 6 ಲಕ್ಷದ ಮೇಲೆ 10 ಪರ್ಸೆಂಟ್ ಟಿಡಿಎಸ್ ಹಿಡ್ಕೊಂಡು 6.48 ಲಕ್ಷ ಹಾಕ್ತಾರೆ. ಆ 60 ಸಾವಿರ ಎಲ್ಲೂ ಹೋಗಿಲ್ಲ, ಚಿಕ್ಕಪ್ಪನ ಕಂಪನಿ ಹೆಸರಲ್ಲೇ ಸರ್ಕಾರದ ಹತ್ರ ಇರತ್ತೆ. ಕಂಪನಿಗೆ ಲಾಭ ಇಲ್ಲ ಅಂದ್ರೆ ವರ್ಷ ಮುಗಿದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರತ್ತೆ. ಆದ್ರೆ ಜುಲೈ 1ನೇ ತಾರೀಖು ಸಂಬಳ ಕೊಡೋಕೆ ಅದು ಉಪಯೋಗಕ್ಕೆ ಬರಲ್ಲ. ಕೆಲಸದವರ ಸಂಬಳದಲ್ಲಿ ಹಿಡಿದ ಟಿಡಿಎಸ್ಸೂ ಅಷ್ಟೇ, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಚಿಕ್ಕಪ್ಪನ ಕ್ಯಾಲೆಂಡರಲ್ಲಿ 1, 7, 20 ಈ ಮೂರು ತಾರೀಖಿಗೆ ಕೆಂಪು ಗುರುತು. ನಮ್ಮ ಕ್ಯಾಲೆಂಡರಲ್ಲಿ ಇಂಟರ್ನಲ್ಸ್‌ಗೆ ಇದ್ದ ಹಾಗೆ.

ಒಂದು ಸಂಜೆ ಕಾಫಿ ಕುಡೀತಾ ಅವರು ಹೇಳಿದ ಮಾತು ನೆನಪಿದೆ. 'ಕೆಲಸದಲ್ಲಿದ್ದಾಗ ತಿಂಗಳ ಕೊನೆ ಯಾವಾಗ ಬರತ್ತೋ ಅಂತ ಕಾಯ್ತಿದ್ದೆ. ಈಗ ಇಷ್ಟ್ ಬೇಗ ಯಾಕ್ ಬಂತು ಅನ್ಸತ್ತೆ. ತಿಂಗಳಿಗೆ 30 ದಿನ ಆಗ್ಲೂ ಇತ್ತು, ಈಗ್ಲೂ ಇದೆ.' ಹೇಳಿ ನಕ್ಕರು. ಆಮೇಲೆ ಬಾತ್‌ರೂಮಿನ ಬಲ್ಬ್ ಹೋಗಿದೆ ಅಂತ ಯಾರೋ ಬಂದು ಹೇಳಿದಾಗ ಸ್ಟೂಲ್ ಹಾಕ್ಕೊಂಡು ಅವರೇ ಬಲ್ಬ್ ಬದಲಿಸಿದ್ರು. ಹಳೇ ಕಂಪನಿಯಲ್ಲಿ ಮೌಸ್ ಕೆಟ್ರೆ ಟಿಕೆಟ್ ರೈಸ್ ಮಾಡ್ತಿದ್ರಂತೆ.

ನಂದು ಇಂಗ್ಲಿಷ್ ಮೀಡಿಯಂ, ಈ ಲೆಕ್ಕದ ಪದಗಳೆಲ್ಲ ಇಂಗ್ಲಿಷಲ್ಲೇ ತಲೆಗೆ ಹೋಗಿದ್ವು. 'ರಿಸೀವಬಲ್ಸ್' ಅನ್ನೋ ಕಾಲಮ್ ನನಗೆ ಪಕ್ಕಾ ಅರ್ಥ ಆಗಿರಲಿಲ್ಲ. ಚಿಕ್ಕಪ್ಪ ಒಂದೇ ಮಾತಲ್ಲಿ ಹೇಳಿದ್ರು. 'ಅದು ಉದ್ರಿ ಕಣೋ. ಅಜ್ಜನ ಉದ್ರಿ ಪುಸ್ತಕ.'

ನಮ್ಮಜ್ಜಂದು ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇತ್ತು. 'ಇಂದು ನಗದು ನಾಳೆ ಉದ್ರಿ' ಅಂತ ಬೋರ್ಡೂ ಇತ್ತಂತೆ, ಅದರ ಕೆಳಗೇ ಉದ್ರಿ ಪುಸ್ತಕಾನೂ ಇತ್ತಂತೆ. ಆಗ ದಾವಣಗೆರೆ ಅಂದ್ರೆ ಹತ್ತಿ ಮಿಲ್ಲುಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತಾನೇ ಹೆಸರು. ಅಜ್ಜನ ಗಿರಾಕಿಗಳಲ್ಲಿ ಮುಕ್ಕಾಲು ಜನ ಮಿಲ್ ಕಾರ್ಮಿಕರು. ತಿಂಗಳಿಡೀ ಅಕ್ಕಿ, ಬೇಳೆ, ಎಣ್ಣೆ ಬರೆಸಿ, ಪಗಾರ ಆದ ದಿನ ಬಂದು ತೀರಿಸೋರು. ಅಜ್ಜ ಸಗಟು ವ್ಯಾಪಾರಿಗೆ ಮಾತ್ರ ವಾರಕ್ಕೊಮ್ಮೆ ನಗದು ಕೊಡಬೇಕಿತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದಾಗ ಪುಸ್ತಕದಲ್ಲಿ ಬರೋ ದುಡ್ಡು ಬೇಕಾದಷ್ಟಿತ್ತು, ಗಲ್ಲಾಪೆಟ್ಟಿಗೆ ಖಾಲಿ. ಅಜ್ಜ ಯಾರನ್ನೂ ಬೈಲಿಲ್ಲ. ಅವರಿಗೇ ಕೆಲಸ ಇಲ್ಲ, ಎಲ್ಲಿಂದ ಕೊಡ್ತಾರೆ? ಅಂಗಡಿ ನಿಂತಿದ್ದು ನಷ್ಟ ಆಗಿ ಅಲ್ಲ, ಕೈಯಲ್ಲಿ ನಗದು ಇಲ್ಲದೆ. ಲಾಭ ಬೇರೆ, ನಗದು ಬೇರೆ ಅನ್ನೋದು ನನಗೆ ಇದರಿಂದ ಅರ್ಥ ಆದಷ್ಟು ಯಾವ ಯೂಟ್ಯೂಬ್ ವಿಡಿಯೋದಿಂದಲೂ ಆಗಿರಲಿಲ್ಲ. ಗಿರಾಕಿಗಳೆಲ್ಲ ಒಂದೇ ಕಡೆಯ ಸಂಬಳ ನಂಬಿದ್ರೆ ಏನಾಗತ್ತೆ ಅನ್ನೋದೂ ಇದರಲ್ಲೇ ಇದೆ. ಅದಕ್ಕೇ ಚಿಕ್ಕಪ್ಪ ಒಂದು ದೊಡ್ಡ ಫ್ಯಾಕ್ಟರಿಗಿಂತ 35 ಸಣ್ಣ ಶಾಪ್‌ಗಳನ್ನ ಜಾಸ್ತಿ ನೆಚ್ಕೊಂಡಿದಾರೆ.

ದೊಡ್ಡೋರು ದುಡ್ಡು ತಡ ಮಾಡಿದ್ರೆ ಕಾನೂನು ಇಲ್ವಾ ಅಂತ ಕೇಳಿದೆ. ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಒಪ್ಪಂದ ಇದ್ರೂ 45 ದಿನದೊಳಗೆ ಕೊಡಬೇಕು, ಬರಹದ ಒಪ್ಪಂದ ಇಲ್ದಿದ್ರೆ 15 ದಿನ. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023-24ರಿಂದ ಇನ್ನೊಂದು ಬಿಗಿ ಬಂದಿದೆ. ಅವಧಿ ಮೀರಿ ಬಾಕಿ ಇಟ್ಕೊಂಡ್ರೆ, ದುಡ್ಡು ಕೊಡೋವರೆಗೆ ಆ ಖರ್ಚನ್ನ ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸೋ ಹಾಗಿಲ್ಲ. ಮತ್ತೆ ದೂರು ಕೊಡಿ ಚಿಕ್ಕಪ್ಪ ಅಂದೆ. 'ಕೊಡ್ಬಹುದು. ಆಮೇಲೆ ಮುಂದಿನ ಆರ್ಡರ್ ನೀನ್ ಕೊಡ್ತೀಯಾ?' ಅಂದ್ರು. ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ.

ನಮ್ಮ ಕಾಲೇಜಿನ ಸ್ಟಾರ್ಟಪ್ ಭಾಷಣಗಳಲ್ಲಿ ಕೇಳೋ ಕತೆಗಳ ಬಗ್ಗೆ ನನ್ನ ಒಂದು ಸಣ್ಣ ತಕರಾರಿದೆ. ರೆಡ್‌ಬಸ್ ಕತೆ ಎಲ್ಲರಿಗೂ ಗೊತ್ತು. ಬೆಂಗಳೂರಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಸಾಮಾ ಅವರಿಗೆ 2005ರ ದೀಪಾವಳಿಗೆ ಊರಿಗೆ ಹೋಗೋಕೆ ಬಸ್ ಟಿಕೆಟ್ ಸಿಗಲಿಲ್ಲ, 2006ರಲ್ಲಿ ಗೆಳೆಯರ ಜೊತೆ ಕಂಪನಿ ಶುರು, 2013ರಲ್ಲಿ ಇಬಿಬೋ ಕೊಂಡುಕೊಂಡಿತು. ಇನ್ಫೋಸಿಸ್ ಕತೆನೂ ಹಾಗೇ. 1981ರಲ್ಲಿ ಪುಣೆಯಲ್ಲಿ ಏಳು ಜನ, ಸುಧಾ ಮೂರ್ತಿಯವರು ಕೊಟ್ಟ 10 ಸಾವಿರ ರೂಪಾಯಿ, ಆಮೇಲೆ ನೇರ 1993ರ ಷೇರು ಬಿಡುಗಡೆ. ಎರಡೂ ನಿಜವಾದ, ದೊಡ್ಡ ಕತೆಗಳೇ. ಆದ್ರೆ 1981ಕ್ಕೂ 1993ಕ್ಕೂ ಮಧ್ಯೆ 12 ವರ್ಷ, ಅಂದ್ರೆ 144 ಸಲ ಒಂದನೇ ತಾರೀಖು ಬಂದಿದೆ. ಆ 144ರ ಬಗ್ಗೆ ಸ್ಟೇಜ್ ಮೇಲೆ ಯಾರೂ ಮಾತಾಡಲ್ಲ.

ವಾಪಸ್ ನಮ್ಮ ಶೀಟಿಗೆ ಬರ್ತೀನಿ. ಹಳೇ ತಿಂಗಳುಗಳ ಸಂಬಳ ಹೊಂದಿಸ್ತಾ ಇದ್ದಾಗ ಕೊನೇ ಸಾಲಲ್ಲಿ ಬರೀ ಸೊನ್ನೆ ಕಂಡ್ವು. ಫಾರ್ಮುಲಾ ತಪ್ಪಿರ್ಬೇಕು ಅಂದ್ಕೊಂಡು ಚೆಕ್ ಮಾಡಿದೆ. ಸರಿಯಾಗೇ ಇತ್ತು. ಅದು ಚಿಕ್ಕಪ್ಪನ ಸಾಲು. 14 ತಿಂಗಳಿಂದ ಒಂದು ರೂಪಾಯಿನೂ ತಗೊಂಡಿಲ್ಲ. ಮನೆ ನಡೀತಿರೋದು ಚಿಕ್ಕಮ್ಮನ ಟೀಚರ್ ಸಂಬಳದಲ್ಲಿ. ಮನೆ ಸಾಲದ ಕಂತೂ ಅದರಲ್ಲೇ. ಕಳೆದ ದಸರಾದಲ್ಲಿ ಚಿಕ್ಕಮ್ಮ ಯಾಕೆ ಸೀರೆ ಬೇಡ ಅಂದ್ರು ಅಂತ ನನಗೆ ಆಗ ಹೊಳೀತು. ಚಿಕ್ಕಪ್ಪ ತಿಂಗಳಿಗೆ 1 ಲಕ್ಷ ತಗೊಂಡ್ರೆ ಏನಾಗತ್ತೆ ಅಂತ ಸುಮ್ನೆ ಹಾಕಿ ನೋಡಿದೆ. ಕೊರತೆ 5.20 ಲಕ್ಷ, ರನ್‌ವೇ 4 ತಿಂಗಳೂ ಇಲ್ಲ. ಅಂದ್ರೆ 'ನಾಲ್ಕು ತಿಂಗಳು 22 ದಿನ' ಅಂತ ನಾನು ಬರೆದ ಲೆಕ್ಕದಲ್ಲಿ ಸುಮಾರು ಒಂದು ತಿಂಗಳು ಚಿಕ್ಕಮ್ಮ ಕೊಟ್ಟಿದ್ದು. ಅದಕ್ಕೆ ಶೀಟಲ್ಲಿ ಕಾಲಮ್ ಇರ್ಲಿಲ್ಲ. ನಾನು ಸೇರಿಸಿದೆ. ಚಿಕ್ಕಪ್ಪ ನೋಡಿದ್ರು, ಡಿಲೀಟ್ ಮಾಡ್ಲಿಲ್ಲ.

ಆ ತಿಂಗಳು ಅವರ ಮುಂದೆ ಇದ್ದ ಪ್ರಶ್ನೆ ಒಂದು. ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಇಂಟರ್‌ವ್ಯೂಗೆ ಬಂದಿದ್ದ, ಲೇತ್ ಮೆಷಿನ್ ಬಗ್ಗೆ ನಮ್ಮ ಪ್ರೋಗ್ರಾಮರ್‌ಗಳಿಗೆ ಗೊತ್ತಿಲ್ಲದ್ದೆಲ್ಲ ಅವನಿಗೆ ಗೊತ್ತಿತ್ತು. ತಗೊಂಡ್ರೆ ಕೊರತೆ ಜಾಸ್ತಿ, ಬಿಟ್ರೆ ಸಾಫ್ಟ್‌ವೇರ್ ಸುಧಾರಿಸಲ್ಲ. ಫ್ಯಾಕ್ಟರಿ ದುಡ್ಡು ಬರಲಿ, ಆಮೇಲೆ ಆಫರ್ ಕೊಡೋಣ ಅಂತ ಚಿಕ್ಕಪ್ಪ ಕಾದ್ರು. ಜೂನ್ 20ಕ್ಕೆ ಜಿಎಸ್‌ಟಿ ಕಟ್ಟಿದ್ರು. ಜುಲೈ 1ಕ್ಕೆ ಎಂಟೂ ಜನರ ಸಂಬಳ ಹೋಯ್ತು.

ನಾನು ಕಾಲೇಜಿಗೆ ವಾಪಸ್ ಬಂದ್ಮೇಲೆ ನಮ್ಮ ಟೀಮಿನ ಪಿಚ್ ತೆಗೆದು ನೋಡಿದೆ. ಮೂರನೇ ವರ್ಷಕ್ಕೆ 5 ಕೋಟಿ ಆದಾಯ ಅಂತ ಗ್ರಾಫ್ ಹಾಕಿದ್ವಿ, ಯಾವ ಗಿರಾಕಿ ಎಷ್ಟು ದಿನಕ್ಕೆ ದುಡ್ಡು ಕೊಡ್ತಾನೆ ಅಂತ ಒಂದು ಸಾಲೂ ಇರ್ಲಿಲ್ಲ. ನಮ್ಮ ನಾಲ್ಕು ಜನರ ಸಂಬಳಾನೂ ಇರ್ಲಿಲ್ಲ. ಸರಿಯಾಗಿ ಹಾಕಿದ್ರೆ ರನ್‌ವೇ ಎರಡು ತಿಂಗಳು ಬಂತು. ನೀವೂ ನಿಮ್ಮ ಐಡಿಯಾಗೆ ಹಾಕಿ ನೋಡಿ, ಬಿಲ್ಲಿನ ದುಡ್ಡು 90 ದಿನ ಬರಲ್ಲ ಅಂತ ಇಟ್ಕೊಂಡು. ಬೇಕಾದ್ರೆ ಶೀಟ್ ಕಳಿಸ್ತೀನಿ, ಅಂಕಿ ಅಳಿಸಿ.

ಫ್ಯಾಕ್ಟರಿ ದುಡ್ಡು ಬಂದಿದ್ದು ಆಗಸ್ಟ್ 14ಕ್ಕೆ, 98ನೇ ದಿನ. 6,48,000 ರೂಪಾಯಿ. ಚಿಕ್ಕಪ್ಪ ಆ ಹುಡುಗನಿಗೆ ಫೋನ್ ಮಾಡಿದ್ರೆ ಅವನು ಆಗಲೇ ಬೇರೆ ಕಡೆ ಸೇರಿಯಾಗಿತ್ತು. ಶೀಟ್ ಇನ್ನೂ ನನ್ನ ಜೊತೆ ಶೇರ್ ಆಗಿದೆ, ಆಗಾಗ ತೆಗೆದು ನೋಡ್ತೀನಿ. ಆಗಸ್ಟ್ ತಿಂಗಳಿಗೆ ಚಿಕ್ಕಪ್ಪನ ಸಾಲಲ್ಲಿ 25,000 ಅಂತ ಇದೆ. ಸೆಪ್ಟೆಂಬರಲ್ಲಿ ಇನ್ನೂ ಏನೂ ತುಂಬಿಲ್ಲ.