ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ

ಶಿಕಾರಿಪುರ, ಸೊರಬದ ಕಡೆಯ ಹುಡುಗರು ಆಡಿಯೋ ಕಂಪನಿ ಮಾಡುತ್ತೇವೆ ಎಂದರೆ ನನಗೆ ಸಂತೋಷವೇ. ಆದರೆ ಒಂದು ಹಾಡೂ ಹೊರಗೆ ಬಂದಿಲ್ಲ, ಆಗಲೇ ಅಡಿಕೆ ತೋಟದ ಪಹಣಿ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುತ್ತೀರಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಸ್ಟುಡಿಯೋ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಮೊದಲ ಹಾಡುಗಳನ್ನು ಹಾಗೇ ಮಾಡಿ, ತೋಟದ ತಂಟೆಗೆ ಹೋಗಬೇಡಿ.

ಧೈರ್ಯ ಬೇಡ ಅನ್ನುತ್ತಿಲ್ಲ. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂದಾಗ, ಕನ್ನಡ ಭಾವಗೀತೆಗೆ ಅಂಥದ್ದೊಂದು ಮಾರುಕಟ್ಟೆ ಇದೆಯೆಂದು ತೋರಿಸಿದವರೇ ಇರಲಿಲ್ಲ. 1987ರಲ್ಲಿ ‘ಪ್ರೇಮಲೋಕ’ ಸಿನಿಮಾದ ಹಾಡುಗಳನ್ನು ಲಹರಿ ಕಂಪನಿ ತಂದಿತು. ಕ್ಯಾಸೆಟ್ಟಿನ ಕಾಲವೇ ಮುಗಿದರೂ ಹಾಡು ಈಗ ಮೊಬೈಲಿನಲ್ಲಿ ಓಡುತ್ತಿದೆ. ಈ ವ್ಯಾಪಾರದಲ್ಲಿ ಆಸ್ತಿ ಎಂದರೆ ಹಕ್ಕುಪತ್ರ, ಮೈಕಲ್ಲ.

ಅಲ್ಲಿಯೇ ನೀವು ಸೋಮಾರಿಗಳು. ‘ನಮ್ಮ ಹುಡುಗನೇ ಹಾಡಿದ್ದು, ಕಾಗದ ಯಾಕೆ’ ಅನ್ನುತ್ತೀರಿ. ಹಾಡು ಓಡಿದ ದಿನ ಆ ಹುಡುಗನ ಭಾವಮೈದುನ ಲೆಕ್ಕ ಕೇಳಲು ಬರುತ್ತಾನೆ, ನೋಡುತ್ತಿರಿ! ಕೃತಿಸ್ವಾಮ್ಯ ಕಾಯಿದೆಯಲ್ಲಿ ಬಾಯಿಮಾತಿನ ವರ್ಗಾವಣೆ ನಡೆಯುವುದಿಲ್ಲ. ಬರೆದು ಸಹಿ ಆಗಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ 5 ವರ್ಷಕ್ಕೆ ಹಕ್ಕು ಮುಗಿಯಿತು. ಯಾವ ಊರಿಗೆ, ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕಷ್ಟೇ. ದುಬೈಯಲ್ಲಿ ಕೇಳುವ ಕನ್ನಡಿಗರು ನಿಮ್ಮ ಲೆಕ್ಕಕ್ಕೆ ಬರಬೇಡವೇ? ಹಾಗೆಂದು ಎಲ್ಲವನ್ನೂ ನುಂಗಲು ಹೋಗಬೇಡಿ. 2012ರ ತಿದ್ದುಪಡಿಯಾದ ಮೇಲೆ ಹಾಡು ಬರೆದವರ, ರಾಗ ಹಾಕಿದವರ ರಾಯಧನದ ಪಾಲನ್ನು ಕಂಪನಿ ಪೂರ್ತಿ ಬರೆಸಿಕೊಳ್ಳಲು ಬರುವುದಿಲ್ಲ. ವಕೀಲರಿಗೆ ಕೊಡುವ ಫೀಜಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ.

ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ನಿಮ್ಮ ಕಡೆಯವರೇ. ಅವರ ವಚನಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಆದರೆ ಇನ್ನೊಬ್ಬರು ಕೂಡಿಸಿದ ರಾಗ ಎತ್ತಿಕೊಂಡು ‘ವಚನ ಎಲ್ಲರದು’ ಎನ್ನಬೇಡಿ, ಅದು ಕಳ್ಳತನ. ಸೋಬಾನೆ ಹಾಡುವ ಅಜ್ಜಿಗೆ ಸೀರೆ ಉಡಿಸಿ ಫೋಟೋ ಹೊಡೆಸಿಕೊಂಡರೆ ಸಾಲದು. ಅವರ ಹೆಸರು ಹಾಕಿ, ಸಂಭಾವನೆ ಕೈಗಿಡಿ.

ದುಡ್ಡು ಕೊಟ್ಟು ವ್ಯೂಸ್ ಕೊಳ್ಳುವ ಹುಚ್ಚೂ ಬೇಡ. ಯೂಟ್ಯೂಬ್‌ನವರು ಸುಳ್ಳು ವ್ಯೂಸ್ ಅಳಿಸುತ್ತಾರೆ, ಕೊಟ್ಟ ದುಡ್ಡು ವಾಪಸು ಬರುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಇನ್ನೊಂದು, ಅಡಿಕೆ ಕೊಯ್ಲಿನ ಹೊತ್ತಿಗೆ ಡೊಳ್ಳಿನ ರೆಕಾರ್ಡಿಂಗ್ ಇಟ್ಟುಕೊಳ್ಳಬೇಡಿ. ಬಾರಿಸುವವರೆಲ್ಲ ತೋಟದಲ್ಲಿರುತ್ತಾರೆ, ಸ್ಟುಡಿಯೋ ಬಾಡಿಗೆ ಸುಮ್ಮನೆ ಏರುತ್ತದೆ.