ರಜೆಯಲ್ಲಿ ಮಕ್ಕಳ ತಲೆಗೆ ಹೇನು ಹತ್ತದಂತೆ: ಹಂತ ಹಂತವಾಗಿ

ಏಪ್ರಿಲ್ ಬಂತೆಂದರೆ ಅಜ್ಜಿ ಮನೆ ತುಂಬ ಮೊಮ್ಮಕ್ಕಳು. ರಾತ್ರಿ ಹಜಾರದಲ್ಲಿ ಸಾಲು ಹಾಸಿಗೆ, ಹಗಲಲ್ಲಿ ಒಂದೇ ಮೊಬೈಲ್ ಮೇಲೆ ನಾಲ್ಕು ತಲೆ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ಕೂದಲು ಹಿಡಿದು ಆ ಕಡೆಗೆ ಹರಿದು ಹೋಗುತ್ತದೆ. ಭಯಪಡಬೇಡಿ, ಇದಕ್ಕಾಗಿ ಮಕ್ಕಳನ್ನು ಬೇರೆ ಬೇರೆ ಕೂರಿಸಬೇಕಿಲ್ಲ. ತುರಿಕೆ ಶುರುವಾಗಲಿ ಎಂದು ಕಾಯದೆ ತಲೆ ನೋಡುವ ಅಭ್ಯಾಸ ಮಾಡಿಕೊಂಡರೆ ಸಾಕು. ಮೊದಲ ಸಲ ಹೇನು ಹತ್ತಿದ ಮಗುವಿಗೆ ತುರಿಕೆ ಬರಲು 4ರಿಂದ 6 ವಾರ ಹಿಡಿಯಬಹುದು. ಅಷ್ಟರಲ್ಲಿ ರಜೆಯೇ ಮುಗಿದಿರುತ್ತದೆ.

1. ಸಾಮಾನು ತೆಗೆದಿಟ್ಟುಕೊಳ್ಳಿ. ಒತ್ತು ಹಲ್ಲಿನ ಹೇನಿನ ಬಾಚಣಿಗೆ, ಒಂದು ಸಾದಾ ಬಾಚಣಿಗೆ, ಕಂಡೀಷನರ್, ಹಳೆಯ ಬಿಳಿ ಬಟ್ಟೆ. ಹೇನಿನ ಬಾಚಣಿಗೆ ಸ್ಟೀಲ್ ಹಲ್ಲಿನದಾದರೆ ಒಳ್ಳೆಯದು, ಪ್ಲಾಸ್ಟಿಕ್ ಹಲ್ಲು ಬಾಗುತ್ತದೆ.

2. ಊರಿಗೆ ಹೊರಡುವ ಮೊದಲು ತಲೆ ನೋಡಿ. ಬಿಸಿಲಿನ ಬೆಳಕಿಗೆ ಕೂರಿಸಿ, ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗದಲ್ಲಿ ಕೂದಲು ಬಿಡಿಸಿ. ಬಿಳಿ ಚುಕ್ಕೆ ಕಂಡ ಕೂಡಲೇ ಸೀರು ಎಂದುಕೊಳ್ಳಬೇಡಿ. ಬೆರಳಿಂದ ಸರಿಸಿ: ಸುಲಭವಾಗಿ ಉದುರಿದರೆ ಹೊಟ್ಟು, ಕೂದಲಿಗೆ ಅಂಟಿಕೊಂಡೇ ಇದ್ದರೆ ಸೀರು.

3. ಒದ್ದೆ ಕೂದಲು ಬಾಚಿ. ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಆತುರ ಬೇಡ. ತಲೆಸ್ನಾನ ಮಾಡಿಸಿ ಧಾರಾಳವಾಗಿ ಕಂಡೀಷನರ್ ಹಚ್ಚಿ. ಆಗ ಹೇನು ಬೇಗ ಓಡಲಾರದು. ಮೊದಲು ಸಾದಾ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ. ಸಿಕ್ಕಿನ ಮೇಲೆಯೇ ಹೇನಿನ ಬಾಚಣಿಗೆ ಎಳೆದರೆ ಮಗು ಅಳುತ್ತದೆ, ಮುಂದಿನ ಸಲ ಹತ್ತಿರವೂ ಬರುವುದಿಲ್ಲ. ಈಗ ಕೂದಲನ್ನು ಸಣ್ಣ ಸಣ್ಣ ಪಾಲು ಮಾಡಿ, ಒಂದೊಂದನ್ನೂ ಬುಡದಿಂದ ತುದಿಯವರೆಗೆ ಬಾಚಿ. ಹಲ್ಲು ನೆತ್ತಿಗೆ ತಾಗಬೇಕು. ಮಗುವಿಗೆ ನೋವಾದೀತೆಂದು ಮೇಲೆ ಮೇಲೆ ಬಾಚಿದರೆ ಬುಡದಲ್ಲಿರುವ ಸೀರು ಹಾಗೇ ಉಳಿಯುತ್ತದೆ. ಪ್ರತಿ ಎಳೆತಕ್ಕೂ ಬಾಚಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಎಳ್ಳುಕಾಳಿನಷ್ಟು ಕಂದು ಹುಳ ಕಂಡರೆ ಅದೇ ಹೇನು.

4. ಉದ್ದ ಕೂದಲಿಗೆ ಜಡೆ ಹೆಣೆಯಿರಿ. ಬಿಚ್ಚುಗೂದಲು ಪಕ್ಕದವರ ತಲೆಗೆ ಬೇಗ ತಾಗುತ್ತದೆ. ಮಲಗುವಾಗಲೂ ಜಡೆ ಇರಲಿ.

5. ಬಾಚಣಿಗೆ, ಟವೆಲ್, ರಿಬ್ಬನ್, ಟೋಪಿ ಮಗುವಿನದು ಮಗುವಿಗೇ. ಆದರೆ ಮನೆಯ ದಿಂಬು, ಹೊದಿಕೆಗಳನ್ನೆಲ್ಲ ದಿನವೂ ಒಗೆಯುತ್ತಾ ಸುಸ್ತಾಗಬೇಡಿ. ತಲೆಯಿಂದ ಬಿದ್ದ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

6. ರಜೆ ಮುಗಿಯುವವರೆಗೆ ವಾರಕ್ಕೊಮ್ಮೆ ಮೂರನೇ ಹಂತ ಮಾಡಿ. ಸೀರಿನಿಂದ ಹೊರಬಂದ ಮರಿ ಬೆಳೆದು ತಾನೇ ಮೊಟ್ಟೆ ಇಡಲು ಸುಮಾರು 9ರಿಂದ 12 ದಿನ ಬೇಕು. ಅದಕ್ಕೆ ಮೊದಲೇ ಬಾಚಿ ತೆಗೆದರೆ ಸಂತಾನ ಮುಂದುವರಿಯುವುದಿಲ್ಲ. ಮುನ್ನೆಚ್ಚರಿಕೆಗೆಂದು ಹೇನಿನ ಔಷಧಿ ಹಚ್ಚಬೇಡಿ. ಹೇನಿಲ್ಲದ ತಲೆಗೆ ಅದು ಬೇಕಿಲ್ಲ.

7. ಹೇನು ಸಿಕ್ಕಿತೇ? ಗದರಬೇಡಿ, ಬೇರೆಯವರ ಮುಂದೆ ಹೇಳಿ ಮಗುವಿಗೆ ನಾಚಿಕೆಪಡಿಸಬೇಡಿ. ದಿನಾ ಸ್ನಾನ ಮಾಡುವ ತಲೆಗೂ ಹೇನು ಹತ್ತುತ್ತದೆ. ಅಂದೇ ಮನೆಯಲ್ಲಿರುವ ಎಲ್ಲರ ತಲೆ ನೋಡಿ, ದೊಡ್ಡವರದೂ ಸೇರಿ. ಡಾಕ್ಟರನ್ನು ಕೇಳಿ 1% ಪರ್ಮೆಥ್ರಿನ್ ಲೋಷನ್ ಬಳಸಬಹುದು. ಅದು ಸೀರನ್ನು ಪೂರ್ತಿ ಕೊಲ್ಲುವುದಿಲ್ಲ, ಆದ್ದರಿಂದ ಸುಮಾರು 9 ದಿನದ ನಂತರ ಮತ್ತೊಮ್ಮೆ ಹಚ್ಚಬೇಕಾಗುತ್ತದೆ. ಬಹಳ ಮಂದಿ ಎಡವುವುದು ಈ ಎರಡನೇ ಸಲ ಮರೆತು. ಸೀಮೆಎಣ್ಣೆ, ಜಿರಳೆ ಚಾಕ್ ಖಂಡಿತ ಬೇಡ, ಯಾರು ಹೇಳಿದರೂ ಬೇಡ. ಸೀಮೆಎಣ್ಣೆಗೆ ಬೆಂಕಿ ತಗುಲಬಹುದು, ಚಾಕ್‌ನಲ್ಲಿರುವುದು ಕೀಟನಾಶಕ.

8. ನೆಂಟರಿಗೆ ಫೋನ್ ಮಾಡಿ. "ಅತ್ತಿಗೆ, ನಮ್ಮ ಪುಟ್ಟಿ ತಲೆಯಲ್ಲಿ ಹೇನು ಸಿಕ್ಕಿತು, ನಿಮ್ಮ ಮಕ್ಕಳದ್ದೂ ಒಮ್ಮೆ ನೋಡಿಬಿಡಿ" ಎಂದರೆ ಸಾಕು. ಯಾರಿಂದ ಬಂತು ಎಂಬ ಮಾತೇ ಬೇಡ. ಶಾಲೆ ಶುರುವಾಗುವ ಹಿಂದಿನ ಭಾನುವಾರ ಇನ್ನೊಮ್ಮೆ ಬಾಚಿ ನೋಡಿ, ಆಮೇಲೆ ಜಡೆ ಹಾಕಿ ಕಳಿಸಿ.