ದಿನಾಂಕ ಹುಡುಕುವ ಮ್ಯಾಕ್ರೋ ತಪ್ಪಿದರೆ ಹಸುವಿನ ಲೆಕ್ಕವೂ ತಪ್ಪುತ್ತದೆ



ಬೆದೆಗೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನ, ಗಬ್ಬದ ಪರೀಕ್ಷೆಯ ದಿನ, ಹಾಲು ಬತ್ತಿಸುವ ದಿನ, ಕರು ಹಾಕುವ ದಿನ. ಹೈನುಗಾರಿಕೆಯಲ್ಲಿ ಮೇವಿನಷ್ಟೇ ಮುಖ್ಯ ಈ ದಿನಗಳ ಲೆಕ್ಕ. ಮೊದಲು ಇದು ಗೋಡೆಯ ಕ್ಯಾಲೆಂಡರಿನಲ್ಲಿರುತ್ತಿತ್ತು. ಈಗ ಕೆಲವು ಸಂಘಗಳಲ್ಲಿ ಕಾರ್ಯದರ್ಶಿಯವರು, ಕೆಲವು ಮನೆಗಳಲ್ಲಿ ಓದಿದ ಮಗಳೋ ಸೊಸೆಯೋ ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತಾರೆ. ಆ ಹಾಳೆಯಲ್ಲಿ ಒಂದು ಗುಂಡಿ ಒತ್ತಿದರೆ "ಇವತ್ತು ಯಾವ ಹಸುವಿಗೆ ಏನು ಕೆಲಸ" ಎಂದು ಹುಡುಕಿ ತೋರಿಸುವ ಮ್ಯಾಕ್ರೋ ಇರಬಹುದು. ಮ್ಯಾಕ್ರೋ ಎಂದರೆ ಕಂಪ್ಯೂಟರಿಗೆ ಮೊದಲೇ ಬರೆದುಕೊಟ್ಟ ಕೆಲಸದ ಪಟ್ಟಿ, ಅಷ್ಟೇ.

ಒಮ್ಮೊಮ್ಮೆ ದಿನಾಂಕ ಕಣ್ಣೆದುರಿಗೇ ಇದ್ದರೂ ಮ್ಯಾಕ್ರೋ "ಸಿಗಲಿಲ್ಲ" ಎನ್ನುತ್ತದೆ. ಅದು ಪರವಾಗಿಲ್ಲ, ನಮಗೆ ಗೊತ್ತಾಗುತ್ತದೆ. ಸದ್ದಿಲ್ಲದೆ ತಪ್ಪು ದಿನ ತೋರಿಸಿದರೆ ಮಾತ್ರ ನಷ್ಟ ನಮ್ಮ ಕೊಟ್ಟಿಗೆಗೇ.

ಒಂದು ತಿಂಗಳ ತಪ್ಪಿನ ಬೆಲೆ

ನಿಮ್ಮ ಹಸುವಿಗೆ 2025ರ ಮೇ 6ರಂದು ಗರ್ಭಧಾರಣೆ ಮಾಡಿಸಿ, ಗಬ್ಬ ನಿಂತಿದೆ ಎಂದಿಟ್ಟುಕೊಳ್ಳಿ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ಕರು ಹಾಕುವುದು 2026ರ ಫೆಬ್ರವರಿ 10ರ ಆಸುಪಾಸು. ಅದಕ್ಕೆ 60 ದಿನ ಮುಂಚೆ, ಅಂದರೆ ಡಿಸೆಂಬರ್ 12ಕ್ಕೆ ಹಾಲು ಬತ್ತಿಸಬೇಕು.

ಕಂಪ್ಯೂಟರ್ 6/5 ಎಂಬುದನ್ನು ಜೂನ್ 5 ಎಂದು ಓದಿಕೊಂಡರೆ? ಬತ್ತಿಸುವ ದಿನವನ್ನು ಜನವರಿ 11 ಎಂದು ತೋರಿಸುತ್ತದೆ. ಅದನ್ನು ನಂಬಿ ಕರೆಯುತ್ತಾ ಹೋದರೆ ಕೆಚ್ಚಲಿಗೆ ಸಿಗುವುದು 30 ದಿನದ ವಿಶ್ರಾಂತಿ ಮಾತ್ರ. ಮುಂದಿನ ಸೂಲಿನ ಹಾಲು ಇಳಿಯುತ್ತದೆ, ಗಿಣ್ಣು ಹಾಲೂ ಕಡಿಮೆಯಾಗಬಹುದು. ತಪ್ಪು ತಿರುಗಾಮುರುಗ ಆದರೆ 30 ದಿನ ಮುಂಚೆಯೇ ಬತ್ತಿಸುತ್ತೀರಿ. ದಿನಕ್ಕೆ 5 ಲೀಟರ್ ಕೊಡುವ ಹಸುವಾದರೆ 150 ಲೀಟರ್ ಹಾಲು ಕೈತಪ್ಪಿತು.

ಎಕ್ಸೆಲ್‌ಗೆ ದಿನಾಂಕ ಎಂದರೆ ಒಂದು ಸಂಖ್ಯೆ

ನಮಗೆ ಕಾಣುವುದು 05-06-2025. ಒಳಗೆ ಎಕ್ಸೆಲ್ ಇಟ್ಟುಕೊಳ್ಳುವುದು 45813 ಎಂಬ ಸಂಖ್ಯೆ. 1900ರ ಜನವರಿ 1ನ್ನು 1 ಎಂದು ಹಿಡಿದು, ದಿನಕ್ಕೊಂದರಂತೆ ಕೂಡಿಸುತ್ತಾ ಬಂದ ಎಣಿಕೆ ಅದು. ಆದ್ದರಿಂದಲೇ ಅದಕ್ಕೆ 280 ಕೂಡಿಸಿದರೆ ಕರು ಹಾಕುವ ದಿನ ಬರುತ್ತದೆ. ಎಮ್ಮೆಯಾದರೆ ಸುಮಾರು 310 ಕೂಡಿಸಬೇಕು. ಸಂಖ್ಯೆಗೆ ಹಾಕಿದ ಅಂಗಿಯಷ್ಟೇ ನಮಗೆ ಕಾಣುವ ದಿನಾಂಕ. ಇದೊಂದು ಮನಸ್ಸಿಗೆ ಬಂದರೆ ಮುಂದಿನದು ಸುಲಭ.

ತಪ್ಪುವ ಐದು ಜಾಗಗಳು

1. ದಿನಾಂಕ ಅಕ್ಷರವಾಗಿ ಕೂತಿರುವುದು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ಎಂಬಂತೆ ಇದ್ದರೆ, 25/06/2025 ಎಂದು ಬರೆದಾಗ 25ನೇ ತಿಂಗಳು ಇಲ್ಲದ ಕಾರಣ ಅದನ್ನು ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಸಂಖ್ಯೆ ಹುಡುಕುವ ಮ್ಯಾಕ್ರೋಗೆ ಅಕ್ಷರ ಸಿಗುವುದಿಲ್ಲ. ಗುರುತು: ಜೋಡಣೆ ಬದಲಿಸದ ಹಾಳೆಯಲ್ಲಿ ನಿಜವಾದ ದಿನಾಂಕ ಮನೆಯ ಬಲಕ್ಕೂ, ಅಕ್ಷರ ಎಡಕ್ಕೂ ಅಂಟಿಕೊಂಡಿರುತ್ತದೆ.

2. ದಿನ-ತಿಂಗಳು ಅದಲುಬದಲು. ಅದೇ ಕಂಪ್ಯೂಟರಿನಲ್ಲಿ ತಿಂಗಳ 1ರಿಂದ 12ರವರೆಗಿನ ದಿನಗಳು ತಿಂಗಳಾಗಿಬಿಡುತ್ತವೆ. ಇಲ್ಲಿ ಯಾವ ಎಚ್ಚರಿಕೆಯೂ ಬರುವುದಿಲ್ಲ. ಮೇಲೆ ಹೇಳಿದ 30 ದಿನದ ತಪ್ಪು ಹುಟ್ಟುವುದು ಇಲ್ಲೇ.

3. ದಿನದ ಜೊತೆ ಹೊತ್ತು ಸೇರಿರುವುದು. ಹಾಲು ಅಳೆಯುವ ಯಂತ್ರದಿಂದ ತೆಗೆದ ಪಟ್ಟಿಯಲ್ಲಿ ಸಮಯವೂ ಇದ್ದರೆ ಬೆಳಿಗ್ಗೆ 6 ಗಂಟೆಯ ಹಾಲು 45813.25 ಎಂದೂ, ಸಂಜೆ 6ರದ್ದು 45813.75 ಎಂದೂ ಕೂತಿರುತ್ತದೆ. ಮ್ಯಾಕ್ರೋ ಬರೀ 45813 ಹುಡುಕಿದರೆ ಎರಡೂ ಸಿಗುವುದಿಲ್ಲ.

4. ಹೊರಗಿನ ಅಂಗಿ ನೋಡಿ ಹುಡುಕುವುದು. ಮ್ಯಾಕ್ರೋದಲ್ಲಿ "ಫೈಂಡ್" ಎಂಬ ಆಜ್ಞೆಗೆ ಕಾಣುವ ಮೌಲ್ಯಗಳಲ್ಲಿ ಹುಡುಕು ಎಂದಿದ್ದರೆ, ಕಾಣುವ ರೂಪ ಹೊಂದಲೇಬೇಕು. ಯಾರಾದರೂ ರೂಪ ಬದಲಿಸಿದರೆ, ಕಾಲಮ್ಮು ಕಿರಿದಾಗಿ ದಿನಾಂಕದ ಬದಲು ಬೇಲಿಯಂಥ ಗುರುತುಗಳು ಬಂದರೆ, ನಿನ್ನೆ ಸಿಕ್ಕಿದ್ದು ಇವತ್ತು ಸಿಗುವುದಿಲ್ಲ.

5. ಸಿಗದಿದ್ದರೂ ಏನೋ ಒಂದನ್ನು ತಂದುಕೊಡುವುದು. "ವಿ-ಲುಕಪ್" ಸೂತ್ರದ ಕೊನೆಯ ಜಾಗವನ್ನು ಬರೆಯದೆ ಬಿಟ್ಟರೆ ಅದು ಸರಿಯಾದ ದಿನ ಸಿಗದಿದ್ದಾಗ ಹಿಂದಿನ ಯಾವುದೋ ದಿನಕ್ಕೆ ತೃಪ್ತಿಪಡುತ್ತದೆ. ಮ್ಯಾಕ್ರೋದಲ್ಲಿ "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್" ಎಂಬ ಸಾಲಿದ್ದರೆ ತಪ್ಪನ್ನು ಮುಚ್ಚಿಕೊಂಡು ಮುಂದೆ ಹೋಗುತ್ತದೆ. ಆಗ ಮೊದಲ ಹಸುವಿಗೆ ಸಿಕ್ಕ ದಿನವೇ ಎರಡನೇ ಹಸುವಿನ ಮುಂದೆಯೂ ಬಂದು ಕೂರಬಹುದು.

ಸರಿಪಡಿಸುವ ಕ್ರಮ

ಕಂಪ್ಯೂಟರ್ ಮುಂದೆ ಕೂರುವವರಿಗೆ ಈ ಭಾಗವನ್ನು ಓದಿ ಹೇಳಿ.

- ಮೊದಲು ಕಡತದ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯಲ್ಲಿ ಕೆಲಸ ಮಾಡಿ.
- ಪಕ್ಕದ ಖಾಲಿ ಕಾಲಮ್ಮಿನಲ್ಲಿ "ಈಸ್-ನಂಬರ್" ಸೂತ್ರ ಹಾಕಿ. "ಟ್ರೂ" ಬಂದರೆ ಅದು ಸಂಖ್ಯೆ, "ಫಾಲ್ಸ್" ಬಂದರೆ ಅಕ್ಷರ.
- ಅಕ್ಷರವಾಗಿರುವ ಮನೆಗಳನ್ನು ಆರಿಸಿ, ಡೇಟಾ ಮೆನುವಿನ "ಟೆಕ್ಸ್ಟ್ ಟು ಕಾಲಮ್ಸ್"ನ ಕೊನೆಯ ಹಂತದಲ್ಲಿ ದಿನ-ತಿಂಗಳು-ವರ್ಷದ ಕ್ರಮ ಆರಿಸಿದರೆ ನಿಜವಾದ ದಿನಾಂಕವಾಗುತ್ತವೆ. ಅದಲುಬದಲಾದವು ಮಾತ್ರ ಇದರಿಂದ ಸರಿಯಾಗುವುದಿಲ್ಲ. ಅವನ್ನು ಗರ್ಭಧಾರಣೆ ಚೀಟಿ ಇಟ್ಟುಕೊಂಡು ಒಂದೊಂದಾಗಿ ತಾಳೆ ನೋಡಬೇಕು. 12 ಅಥವಾ ಅದಕ್ಕಿಂತ ಕಡಿಮೆ ದಿನದವುಗಳನ್ನು ನೋಡಿದರೆ ಸಾಕು.
- ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗಿನಲ್ಲಿ ಭಾರತ ಎಂದು ಇಡಿ.
- ಸಮಯ ಸೇರಿದ್ದರೆ "ಇಂಟ್" ಸೂತ್ರದಿಂದ ಪೂರ್ಣ ಸಂಖ್ಯೆ ಮಾತ್ರ ಉಳಿಸಿಕೊಳ್ಳಿ.
- ಮ್ಯಾಕ್ರೋದಲ್ಲಿ "ಫೈಂಡ್" ಬದಲು "ಅಪ್ಲಿಕೇಶನ್ ಮ್ಯಾಚ್" ಬಳಸಿ. ಹುಡುಕುವ ದಿನವನ್ನು "ಸಿ-ಲಾಂಗ್" ಮೂಲಕ ಸಂಖ್ಯೆ ಮಾಡಿ ಕೊಡಿ, ಕೊನೆಯಲ್ಲಿ 0 ಹಾಕಿ. 0 ಎಂದರೆ "ಸರಿಯಾಗಿ ಅದೇ ಬೇಕು, ಹತ್ತಿರದ್ದು ಬೇಡ". ಬಂದ ಉತ್ತರ ತಪ್ಪೇ ಎಂದು "ಈಸ್-ಎರರ್"ನಿಂದ ನೋಡಿ, ತಪ್ಪಾದರೆ "ಸಿಗಲಿಲ್ಲ" ಎಂದೇ ತೋರಿಸಲಿ.
- ಮ್ಯಾಕ್ರೋ ಒಳಗೆ ದಿನಾಂಕವನ್ನು ಅಕ್ಷರದಲ್ಲಿ ಬರೆಯಬೇಡಿ. "ಡೇಟ್-ಸೀರಿಯಲ್" ಬಳಸಿ ವರ್ಷ, ತಿಂಗಳು, ದಿನ ಬೇರೆಬೇರೆ ಕೊಡಿ. ಅಲ್ಲಿ ಅದಲುಬದಲಿಗೆ ಜಾಗವೇ ಇಲ್ಲ.

ಕಂಪ್ಯೂಟರ್ ಮುಟ್ಟದವರೂ ಮಾಡಬೇಕಾದ್ದು

ದಿನಾಂಕ ಬರೆಸುವಾಗ "ಐದು, ಆರು" ಎನ್ನಬೇಡಿ. "ಜೂನ್ ಐದು" ಎಂದು ತಿಂಗಳ ಹೆಸರು ಹೇಳಿ. ಗರ್ಭಧಾರಣೆ ಚೀಟಿಯನ್ನು ಕರು ಹಾಕುವವರೆಗೂ ಜೋಪಾನವಾಗಿಡಿ. ಹಾಳೆಗೂ ಚೀಟಿಗೂ ಜಗಳ ಬಂದರೆ ಚೀಟಿಯೇ ಗೆಲ್ಲಬೇಕು. ಕಿವಿಯೋಲೆಯ 12 ಅಂಕಿಗಳನ್ನೂ ಓದಿಸಿ ಕೇಳಿ, ಪಕ್ಕದ ಮನೆಯ ಹಸುವಿನ ದಿನ ನಿಮ್ಮ ಹಸುವಿಗೆ ಬರದಿರಲಿ.

ಎಲ್ಲಕ್ಕಿಂತ ಮೇಲೆ, ನಿಮ್ಮ ಕಣ್ಣನ್ನು ನಂಬಿ. ಪರದೆ ಇನ್ನೂ ಒಂದು ತಿಂಗಳಿದೆ ಎನ್ನುತ್ತಿದ್ದರೂ ಕೆಚ್ಚಲು ತುಂಬಿಕೊಂಡು, ಬಾಲದ ಬುಡದ ಇಕ್ಕೆಲ ಸಡಿಲವಾಗಿದ್ದರೆ ಹಸು ಹೇಳುತ್ತಿರುವುದೇ ನಿಜ. ಆಗ ತಡಮಾಡದೆ ನಮ್ಮನ್ನು ಕರೆಯಿರಿ.

ಈ ತಿಂಗಳ ಅಭ್ಯಾಸ: ನಿಮ್ಮ ಮನೆಯ ಒಂದು ಹಸುವಿನ ಚೀಟಿ ತೆಗೆದುಕೊಂಡು ಸಂಘಕ್ಕೆ ಹೋಗಿ. ಗರ್ಭಧಾರಣೆಯ ದಿನಕ್ಕೆ 280 ದಿನ ಕೂಡಿಸಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಹಾಳೆಯ ದಿನದೊಂದಿಗೆ ಹೋಲಿಸಿ. ಎರಡೂ ಒಂದಾದರೆ ಸಂತೋಷ. ಬೇರೆಯಾದರೆ ಮೇಲಿನ ಐದರಲ್ಲಿ ಯಾವುದೆಂದು ಕಾರ್ಯದರ್ಶಿಯವರ ಜೊತೆ ಕೂತು ಹುಡುಕಿ. ಒಂದು ಹಸುವಿನಲ್ಲಿ ಸಿಕ್ಕ ತಪ್ಪು ಊರಿನ ಹತ್ತು ಹಸುಗಳನ್ನು ಉಳಿಸಬಹುದು.

– ಪಶುವೈದ್ಯಾಧಿಕಾರಿ, ಹೊನ್ನೂರು